ಅತೀಂದ್ರಿಯ: ದೇಹ, ಊರು, ನಂಬಿಕೆ

ಪತಂಜಲಿಯ ಯೋಗಸೂತ್ರದ ನಾಲ್ಕನೆಯ ಪಾದ ಶುರುವಾಗುವುದೇ ಸಿದ್ಧಿಗಳು ಎಲ್ಲಿಂದ ಬರುತ್ತವೆ ಎಂಬ ಮಾತಿನಿಂದ. ಹುಟ್ಟು, ಔಷಧಿ, ಮಂತ್ರ, ತಪಸ್ಸು, ಸಮಾಧಿ ಎಂದು ಐದು ಮೂಲಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಸೂತ್ರಕಾರ ಮುಂದೆ ಹೋಗುತ್ತಾನೆ. ವ್ಯಾಸಭಾಷ್ಯವಂತೂ ಔಷಧಿ ಎಂದರೆ ಅಸುರರ ಭವನಗಳಲ್ಲಿ ಸಿಗುವ ರಸಾಯನ ಎಂದು ವಿಳಾಸ ಸಮೇತ ತಿಳಿಸುತ್ತದೆ. ಅದಕ್ಕೆ ಮುಂಚಿನ ಪಾದದಲ್ಲಿ ಪರರ ಮನಸ್ಸನ್ನು ಅರಿಯುವುದು, ಮರೆಯಲ್ಲಿರುವುದನ್ನು ಕಾಣುವುದು, ಹಿಂದಿನ ಜನ್ಮ ನೆನಪಾಗುವುದು ಎಲ್ಲವೂ ಬಂದುಹೋಗಿವೆ. ಇಷ್ಟು ವಿವರವಾಗಿ ಪಟ್ಟಿ ಮಾಡಿದವನೇ ಇವೆಲ್ಲ ಸಮಾಧಿಗೆ ಅಡ್ಡಿ ಎಂದೂ ಹೇಳಿಬಿಟ್ಟಿದ್ದಾನೆ.

ಕನ್ನಡದ ಶರಣರಿಗೂ ಸಿದ್ಧಿಯ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷನ ವಜ್ರಕಾಯಕ್ಕೆ ಖಡ್ಗ ತಾಗಿ ಖಣಿಲೆನ್ನುತ್ತದೆ; ಅಲ್ಲಮನ ಮೈಯಲ್ಲಿ ಅದೇ ಖಡ್ಗ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿ ಮಾಡಿಕೊಂಡವನು ಅಲ್ಲಿ ಸೋತವನು.

ಇಪ್ಪತ್ತನೆಯ ಶತಮಾನ ಪತಂಜಲಿಯ ಐದು ದಾರಿಗಳಲ್ಲಿ ಕೆಲವನ್ನು ಪ್ರಯೋಗಾಲಯಕ್ಕೆ ತಂದಿತು. ಅತೀಂದ್ರಿಯ ಶಕ್ತಿಯ ಮೇಲೆ ದೇಹಸ್ಥಿತಿ, ಸಂಸ್ಕೃತಿ, ಪರಿಸರಗಳ ಪ್ರಭಾವವೇನು ಎಂಬ ಪ್ರಶ್ನೆಗೆ ಅಮೆರಿಕ, ಇಂಗ್ಲೆಂಡ್, ಕೆನಡಾಗಳಲ್ಲಿ, ವಿಶಾಖಪಟ್ಟಣ, ಬೆಂಗಳೂರುಗಳಲ್ಲಿ ಉತ್ತರ ಹುಡುಕಿದವರಿದ್ದಾರೆ. ಈ ಹುಡುಕಾಟದಲ್ಲಿ ಎರಡು ಬೇರೆ ಸಂಗತಿಗಳು ಸದಾ ಕಲಸಿಹೋಗಿವೆ. ಕಾಣದ್ದನ್ನು ನಿಜಕ್ಕೂ ಕಾಣುವ ಶಕ್ತಿ ಒಂದು. ಕಂಡಂತಾಗುವ, ಕೇಳಿದಂತಾಗುವ, ಮೈಮೇಲೆ ಬಂದಂತಾಗುವ ಅನುಭವ ಇನ್ನೊಂದು. ಇವೆರಡನ್ನು ಬಿಡಿಸಿ ನೋಡಿದರೆ ಈ ಮೂರು ಪ್ರಭಾವಗಳ ಲೆಕ್ಕ ತಾನಾಗಿ ಬೇರೆ ಬೇರೆ ಖಾತೆಗೆ ಬೀಳುತ್ತದೆ ಎಂಬುದೇ ಈ ಉಪನ್ಯಾಸದ ವಾದ.

ಮೊದಲು ಶಕ್ತಿಯ ಖಾತೆ. ಅಮೆರಿಕದ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ 1930ರ ದಶಕದಲ್ಲಿ ಅತೀಂದ್ರಿಯವನ್ನು ಅಂಕಗಣಿತಕ್ಕೆ ಇಳಿಸಿದರು. ಸಹೋದ್ಯೋಗಿ ಕಾರ್ಲ್ ಜೀನರ್ ರೂಪಿಸಿದ 25 ಕಾರ್ಡುಗಳ ಕಟ್ಟು. ವೃತ್ತ, ಅಧಿಕ ಚಿಹ್ನೆ, ಅಲೆ, ಚೌಕ, ನಕ್ಷತ್ರ ಎಂಬ ಐದು ಗುರುತು. ಸುಮ್ಮನೆ ಊಹಿಸಿದರೆ ಸರಾಸರಿ ಐದು ಸರಿಯಾಗಬೇಕು. ಅದಕ್ಕಿಂತ ಎಷ್ಟು ಹೆಚ್ಚು ಎಂಬುದೇ ಶಕ್ತಿಯ ಅಳತೆ. 1934ರಲ್ಲಿ ಬಂದ ಅವರ ಪುಸ್ತಕ ಇಂಗ್ಲಿಷ್ ಓದುವ ಜಗತ್ತನ್ನೇ ಕಾರ್ಡು ಹಿಡಿದು ಕೂರಿಸಿತು.

ಪತಂಜಲಿಯ ಔಷಧಿಯನ್ನು ಪರೀಕ್ಷಿಸಿದವರೂ ರೈನ್ ಅವರೇ. ಚೆನ್ನಾಗಿ ಊಹಿಸುತ್ತಿದ್ದವರಿಗೆ ಸೋಡಿಯಂ ಅಮಿಟಾಲ್ ಎಂಬ ಮಂಪರು ಬರಿಸುವ ಔಷಧಿ ಕೊಟ್ಟರು. ಅಂಕ ಕುಸಿದು ಐದರ ಹತ್ತಿರ ಬಂತು. ಕೆಫೀನ್ ಕೊಟ್ಟರು; ಕುಸಿದ ಅಂಕ ಮೇಲೇರಿತು. ದಣಿವು, ನೆಗಡಿ, ಬೇಸರ ಎಲ್ಲಕ್ಕೂ ಅಂಕ ಇಳಿಯುತ್ತದೆಂದು ಅವರು ಬರೆದಿಟ್ಟರು. ಕಾಫಿ ಕುಡಿದರೆ ದಿವ್ಯದೃಷ್ಟಿ ಹೆಚ್ಚುತ್ತದೆ ಎಂದರೆ ಚಿಕ್ಕಮಗಳೂರಿನವರಿಗೆ ಖುಷಿಯಾಗಬಹುದು. ಆದರೆ ಎಚ್ಚರ ಹೆಚ್ಚಿದರೆ ಏರುವ, ಮಂಪರಾದರೆ ಇಳಿಯುವ ಸಾಮರ್ಥ್ಯಗಳಲ್ಲಿ ಮಾಮೂಲು ಕಣ್ಣು, ಮಾಮೂಲು ಕಿವಿ ಮೊದಲು ಬರುತ್ತವೆ. ಅಂಗಡಿಗೆ ಬಂದ ಕಾರ್ಡುಗಳಲ್ಲಿ ಕೆಲವನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದಲೇ ಓದಬಹುದಾಗಿತ್ತು ಎಂಬುದೂ ಆಮೇಲೆ ಬಯಲಾಯಿತು.

ರೈನ್ ಅವರ ಅತ್ಯುತ್ತಮ ಪುರಾವೆಯನ್ನು ತುಸು ಹತ್ತಿರದಿಂದ ನೋಡಬೇಕು. ಹ್ಯೂಬರ್ಟ್ ಪಿಯರ್ಸ್ ಎಂಬ ದೇವಶಾಸ್ತ್ರದ ವಿದ್ಯಾರ್ಥಿ ಗ್ರಂಥಾಲಯದ ಒಂದು ಮೂಲೆಯಲ್ಲಿ ಕೂರುತ್ತಿದ್ದ. ಕನಿಷ್ಠ ನೂರು ಗಜ ದೂರದ ಇನ್ನೊಂದು ಕಟ್ಟಡದಲ್ಲಿ ರೈನ್ ಅವರ ಸಹಾಯಕ ಗೈದರ್ ಪ್ರ್ಯಾಟ್. ಇಬ್ಬರ ಗಡಿಯಾರವೂ ಒಂದಕ್ಕೊಂದು ಹೊಂದಿಸಿದ್ದು. ಪ್ರ್ಯಾಟ್ ನಿಮಿಷಕ್ಕೊಂದು ಕಾರ್ಡನ್ನು ತಾನೂ ನೋಡದೆ ಮಗುಚಿ ಇಡುವುದು, ಅತ್ತ ಪಿಯರ್ಸ್ ತನಗೆ ಹೊಳೆದ ಗುರುತನ್ನು ಬರೆಯುವುದು. ಕಟ್ಟು ಮುಗಿದ ಮೇಲೆ ಪ್ರ್ಯಾಟ್ ಕಾರ್ಡುಗಳನ್ನು ತಿರುಗಿಸಿ ಕ್ರಮವಾಗಿ ಬರೆದುಕೊಳ್ಳುವುದು. 1,850 ಊಹೆಗಳಲ್ಲಿ 370 ಸರಿಯಾದರೆ ಅದು ಆಕಸ್ಮಿಕ; ಪಿಯರ್ಸ್ ಪಡೆದದ್ದು 558. ಕಾಲು ಶತಮಾನದ ನಂತರ ಬ್ರಿಟಿಷ್ ಮನೋವಿಜ್ಞಾನಿ ಸಿ. ಇ. ಎಂ. ಹ್ಯಾನ್ಸೆಲ್ ಡ್ಯೂಕ್‌ಗೇ ಹೋಗಿ ಕೋಣೆಗಳನ್ನು ಪರಿಶೀಲಿಸಿದರು. ಗ್ರಂಥಾಲಯದಲ್ಲಿ ಪಿಯರ್ಸ್‌ನನ್ನು ಕಾಯುವವರೇ ಇರಲಿಲ್ಲ. ಎದ್ದು ಬಂದು, ಪ್ರ್ಯಾಟ್ ಕಾರ್ಡು ತಿರುಗಿಸುವ ಹೊತ್ತಿಗೆ ಇಣುಕಿ ನೋಡಿ ಮರಳಲು ಸಾಧ್ಯವಿತ್ತು ಎಂದು ಅವರು ತೋರಿಸಿದರು. ಪಿಯರ್ಸ್ ಹಾಗೆ ಮಾಡಿದನೆಂಬುದಕ್ಕೆ ಸಾಕ್ಷ್ಯವಿಲ್ಲ. ಮಾಡಿಲ್ಲ ಎನ್ನುವುದಕ್ಕೂ ಇಲ್ಲ, ಮತ್ತು ಅದೇ ತೊಡಕು. ಮುಂದೊಂದು ದಿನ ಮನಸ್ಸು ಕಲಕುವ ಸುದ್ದಿಯೊಂದು ಬಂದ ಮೇಲೆ ಅವನ ಶಕ್ತಿ ಹೋಯಿತು, ಮರಳಲಿಲ್ಲ ಎಂದು ರೈನ್ ಬರೆದರು.

ನಂಬಿಕೆಯ ಪ್ರಭಾವವನ್ನು ಅಳೆದವರು ನ್ಯೂಯಾರ್ಕ್ ಸಿಟಿ ಕಾಲೇಜಿನ ಗರ್ಟ್ರೂಡ್ ಶ್ಮೈಡ್ಲರ್. 1940ರ ದಶಕದಲ್ಲಿ ಅವರು ಪ್ರಯೋಗಕ್ಕೆ ಬಂದವರನ್ನು ನಂಬುವವರು, ನಂಬದವರು ಎಂದು ವಿಂಗಡಿಸಿ, ಬೈಬಲ್ಲಿನ ಮಾತು ಹಿಡಿದು ಕುರಿಗಳು, ಆಡುಗಳು ಎಂದು ಕರೆದರು. ಕುರಿಗಳ ಅಂಕ ಸರಾಸರಿಗಿಂತ ಕೂದಲೆಳೆಯಷ್ಟು ಮೇಲೆ, ಆಡುಗಳದ್ದು ಕೂದಲೆಳೆಯಷ್ಟು ಕೆಳಗೆ. ಈ ಹೆಸರುಗಳು ಆ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿವೆ. ಕೂದಲೆಳೆ ಮಾತ್ರ ದಪ್ಪವಾಗಲಿಲ್ಲ.

ನಂಬಿಕೆಯ ಪ್ರಶ್ನೆ ಪ್ರಯೋಗಕ್ಕೆ ಒಳಗಾದವರ ಜತೆಗೇ ಮುಗಿಯುವುದಿಲ್ಲ. ಪ್ರಯೋಗ ನಡೆಸುವವರೂ ಪರಿಸರದ ಭಾಗವೇ. ಹಿಂದಿನಿಂದ ಯಾರೋ ದಿಟ್ಟಿಸಿದರೆ ನಮಗೆ ಗೊತ್ತಾಗುತ್ತದೆ ಎಂಬ ಲೋಕರೂಢಿಯ ಮಾತನ್ನು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಬ್ಬರು ಸೇರಿ ಪರೀಕ್ಷಿಸಿದರು. ಸಂದೇಹವಾದಿ ರಿಚರ್ಡ್ ವೈಸ್‌ಮನ್, ನಂಬುವ ಮರಿಲಿನ್ ಶ್ಲಿಟ್ಸ್. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಒಂದೇ ಕೋಣೆ, ಒಂದೇ ಯಂತ್ರ. ಟಿವಿ ಕ್ಯಾಮೆರಾದ ಮೂಲಕ ಬೇರೆ ಕೋಣೆಯಿಂದ ದಿಟ್ಟಿಸುವುದು, ದಿಟ್ಟಿಸಲ್ಪಟ್ಟವರ ಚರ್ಮದ ವಿದ್ಯುತ್ ವಾಹಕತೆ ಅಳೆಯುವುದು. ಶ್ಲಿಟ್ಸ್ ದಿಟ್ಟಿಸಿದಾಗ ಫಲ ಬಂತು, ವೈಸ್‌ಮನ್ ದಿಟ್ಟಿಸಿದಾಗ ಬರಲಿಲ್ಲ. ಜಗತ್ತು ಬೆರಗಾಯಿತು. ಇಬ್ಬರೂ ಮತ್ತೆ ಸೇರಿ ಇನ್ನೂ ದೊಡ್ಡದಾಗಿ ಮಾಡಿ 2006ರಲ್ಲಿ ಪ್ರಕಟಿಸಿದಾಗ ಯಾರಿಗೂ ಏನೂ ಬರಲಿಲ್ಲ.

ಕಣ್ಣಿಗೆ ಅರ್ಧರ್ಧ ಪಿಂಗ್‌ಪಾಂಗ್ ಚೆಂಡು ಕಟ್ಟಿ, ಕೆಂಪು ದೀಪ ಹಚ್ಚಿ, ಕಿವಿಗೆ ಬರೀ ಗೊರ್ ಎನ್ನುವ ಸದ್ದು ಬಿಟ್ಟು ಇಂದ್ರಿಯಗಳನ್ನು ಹಸಿವಿನಲ್ಲಿಡುವ ಗಾಂಝ್‌ಫೆಲ್ಡ್ ಪ್ರಯೋಗಗಳದ್ದೂ ಇದೇ ಜಾತಕ. ನಾಲ್ಕರಲ್ಲೊಂದನ್ನು ಆರಿಸುವ ಆ ಪರೀಕ್ಷೆಯಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ನೃತ್ಯ ಶಾಲೆಯ 20 ವಿದ್ಯಾರ್ಥಿಗಳು ಅರ್ಧಕ್ಕರ್ಧ ಸರಿ ಹೇಳಿದರು. ಕಲಾವಿದರಿಗೆ ಈ ಶಕ್ತಿ ಹೆಚ್ಚು ಎಂಬ ಮಾತು ಹುಟ್ಟಿತು. 1999ರಲ್ಲಿ ಜೂಲಿ ಮಿಲ್ಟನ್ ಮತ್ತು ವೈಸ್‌ಮನ್ ಹೊಸ 30 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆಕಸ್ಮಿಕಕ್ಕಿಂತ ಹೆಚ್ಚಿನದು ಕಾಣಲಿಲ್ಲ. ಕಾರ್ನೆಲ್‌ನ ಡ್ಯಾರಿಲ್ ಬೆಮ್ 2011ರಲ್ಲಿ ಒಂಬತ್ತು ಪ್ರಯೋಗಗಳ ಮೂಲಕ ಭವಿಷ್ಯ ನಮ್ಮನ್ನು ಮುಟ್ಟುತ್ತದೆ ಎಂದರು. ಮರುಪ್ರಯೋಗ ಮಾಡಿದವರಿಗೆ ಸಿಗಲಿಲ್ಲ. ಆ ಗಲಾಟೆಯಿಂದ ಮನೋವಿಜ್ಞಾನ ತನ್ನ ಎಲ್ಲ ಪ್ರಯೋಗಗಳನ್ನೂ ಅನುಮಾನದಿಂದ ನೋಡಲು ಕಲಿತದ್ದು ದೊಡ್ಡ ಲಾಭ.

ಹೀಗೆ ಎಂಬತ್ತು ಚಿಲ್ಲರೆ ವರ್ಷಗಳ ದಾಖಲೆಯಲ್ಲಿ ಅತೀಂದ್ರಿಯದ ಅಂಕದ ಮೇಲೆ ನಿಯತವಾಗಿ ಪ್ರಭಾವ ಬೀರಿದ ಪರಿಸರ ಒಂದೇ: ಕಾವಲು. ಕಾವಲು ಬಿಗಿಯಾದಲ್ಲಿ ಅಂಕ ಇಳಿದಿದೆ. ಚಮಚ ಬಗ್ಗಿಸುವ ಯೂರಿ ಗೆಲ್ಲರ್ 1973ರಲ್ಲಿ ಜಾನಿ ಕಾರ್ಸನ್ನರ ಟಿವಿ ಕಾರ್ಯಕ್ರಮಕ್ಕೆ ಬಂದಾಗಲೂ ಆದದ್ದು ಇದೇ. ಕಾರ್ಸನ್ ಸ್ವತಃ ಜಾದೂ ಬಲ್ಲವರು. ಜಾದೂಗಾರ ಜೇಮ್ಸ್ ರ‍್ಯಾಂಡಿಯವರ ಸಲಹೆಯಂತೆ ಸಾಮಗ್ರಿಗಳನ್ನು ತಾವೇ ಒದಗಿಸಿ, ಮೊದಲೇ ಯಾರೂ ಮುಟ್ಟದಂತೆ ಕಾದರು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಗೆಲ್ಲರ್ ಕೈ ಆಡಿಸುತ್ತ, ಇವತ್ತು ಬಲ ಬರುತ್ತಿಲ್ಲ ಎನ್ನುತ್ತ ಕುಳಿತರು.

ಬೆಂಗಳೂರಿಗೂ ಇಂಥ ಅಧ್ಯಾಯವೊಂದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ ರಚಿಸಿದರು. ಶೂನ್ಯದಿಂದ ಉಂಗುರ ತರುವವರು ಒಂದು ಕುಂಬಳಕಾಯಿ ತರಲಿ ಎಂಬ ಅವರ ಸವಾಲು ನಾಡಿನಲ್ಲೆಲ್ಲ ಮನೆಮಾತಾಯಿತು. ಭೌತಶಾಸ್ತ್ರದ ಮೇಷ್ಟ್ರು ಆಯ್ದ ತರಕಾರಿಯ ಗಾತ್ರದಲ್ಲಿ ಇಡೀ ಪ್ರಯೋಗವಿನ್ಯಾಸವೇ ಅಡಗಿತ್ತು: ಅದು ಅಂಗಿಯ ತೋಳಿನಲ್ಲಿ ಹಿಡಿಸುವುದಿಲ್ಲ.

ಶಕ್ತಿಯ ಖಾತೆಯಲ್ಲಿ ಉಳಿಕೆ ಇಷ್ಟೇ. ಅನುಭವದ ಖಾತೆ ಹಾಗಲ್ಲ. ಅಲ್ಲಿ ದೇಹ, ಪರಿಸರ, ಸಂಸ್ಕೃತಿ ಮೂರೂ ಕೈಯಾಡಿಸಿರುವುದು ಕಣ್ಣಿಗೆ ಕಾಣುತ್ತದೆ.

ವಿಕ್ ಟ್ಯಾಂಡಿ ಎಂಬ ಬ್ರಿಟಿಷ್ ಎಂಜಿನಿಯರ್ ಅರಿವಳಿಕೆ ಯಂತ್ರಗಳನ್ನು ವಿನ್ಯಾಸ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ದೆವ್ವವಿದೆ ಎಂಬ ಮಾತಿತ್ತು. ಒಂದು ರಾತ್ರಿ ಒಬ್ಬರೇ ಬರೆಯುತ್ತ ಕುಳಿತಾಗ ಮೈ ತಣ್ಣಗೆ ಬೆವರಿತು. ಎಡಗಣ್ಣಿನ ಅಂಚಿನಲ್ಲಿ ಬೂದುಬಣ್ಣದ ಆಕಾರವೊಂದು ಸರಿದಾಡಿತು. ಧೈರ್ಯ ಮಾಡಿ ತಿರುಗಿದರೆ ಏನಿಲ್ಲ. ಟ್ಯಾಂಡಿ ಕತ್ತಿವರಸೆಯ ಆಟಗಾರರೂ ಹೌದು. ಮರುದಿನ ಸ್ಪರ್ಧೆಗಾಗಿ ಕತ್ತಿಯನ್ನು ಸರಿಪಡಿಸಿಕೊಳ್ಳಲು ತಂದು ವೈಸ್‌ಗೆ ಬಿಗಿದು, ಎಣ್ಣೆ ತರಲು ಆಚೆ ಹೋಗಿಬಂದರೆ ಅಲಗು ತನ್ನಷ್ಟಕ್ಕೆ ಅದುರುತ್ತಿತ್ತು. ಹೆದರಿ ಓಡುವ ಬದಲು ಅವರು ವೈಸ್ ಅನ್ನು ನೆಲದ ಮೇಲೆ ಜರುಗಿಸುತ್ತ ಹೋದರು. ಕೋಣೆಯ ನಡುವೆ ಅದುರು ಜೋರು, ಗೋಡೆಯ ಕಡೆ ಇಲ್ಲವೇ ಇಲ್ಲ. ಹೊಸದಾಗಿ ಹಾಕಿದ್ದ ಗಾಳಿ ಹೊರದೂಡುವ ಫ್ಯಾನು ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳಿಸದ ಸದ್ದಿನ ನಿಂತ ಅಲೆಯನ್ನು ಕೋಣೆಯಲ್ಲಿ ಎಬ್ಬಿಸಿತ್ತು. ಫ್ಯಾನಿನ ಕೂರಿಕೆ ಬದಲಿಸಿದ ಮೇಲೆ ದೆವ್ವವೂ ಹೋಯಿತು. ಟ್ಯಾಂಡಿ ಇದನ್ನು ಟೋನಿ ಲಾರೆನ್ಸ್ ಜೊತೆ 1998ರಲ್ಲಿ ಪ್ರಕಟಿಸಿದರು. 2003ರಲ್ಲಿ ಲಂಡನ್ನಿನ ಪರ್ಸೆಲ್ ರೂಮಿನ ಕಛೇರಿಯೊಂದರಲ್ಲಿ ಕೆಲವು ಸಂಗೀತ ಕೃತಿಗಳ ಅಡಿಯಲ್ಲಿ 17 ಕಂಪನಗಳ ಸದ್ದನ್ನು ಗುಟ್ಟಾಗಿ ಬಿಟ್ಟಾಗ ಸಭಿಕರಲ್ಲಿ ಶೇ. 22ರಷ್ಟು ಮಂದಿ ಕಾರಣವಿಲ್ಲದ ದುಃಖ, ಚಳಿ, ಭಯ ಇತ್ಯಾದಿ ಆಯಿತೆಂದರು.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನ. ಪತ್ರಿಕೆಗಳು ಅಲ್ಲಿಗೇ ನಿಲ್ಲಿಸಿಯೂ ಇವೆ. ಆದರೆ ಲಂಡನ್ನಿನ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಒಂದು ದೆವ್ವದ ಕೋಣೆಯನ್ನೇ ಕಟ್ಟಿ, 79 ಜನರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟು, ಕೆಲವರಿಗೆ ಕೇಳದ ಸದ್ದು, ಕೆಲವರಿಗೆ ಕಾಂತಕ್ಷೇತ್ರ, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲದಂತೆ ಮಾಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಚಿತ್ರ ಅನುಭವ ಹೆಚ್ಚಿನವರಿಗೆ ಆಯಿತು. ಯಾವುದು ಚಾಲೂ ಇತ್ತು, ಯಾವುದು ಇರಲಿಲ್ಲ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಏನಾದರೂ ಆಗಬಹುದು ಎಂದು ಮೊದಲೇ ಹೇಳಿ ಒಳಗೆ ಬಿಟ್ಟದ್ದೇ ಸಾಕಾಗಿತ್ತು.

ಕೆನಡಾದ ಲಾರೆನ್ಷಿಯನ್ ವಿಶ್ವವಿದ್ಯಾಲಯದ ಮೈಕೇಲ್ ಪರ್ಸಿಂಜರ್ ಭೂಕಾಂತ ಶಾಂತವಾಗಿದ್ದ ದಿನಗಳಲ್ಲಿ ಟೆಲಿಪತಿಯ ಅನುಭವಗಳು ಹೆಚ್ಚು ಎಂದು ವಾದಿಸಿದವರು. ತಲೆಯ ಇಕ್ಕೆಲಕ್ಕೆ ದುರ್ಬಲ ಕಾಂತಕ್ಷೇತ್ರ ಹಾಯಿಸುವ ಶಿರಸ್ತ್ರಾಣ ತೊಡಿಸಿದರೆ ಪಕ್ಕದಲ್ಲಿ ಯಾರೋ ಇದ್ದಂತೆ ಅನಿಸುತ್ತದೆ ಎಂದೂ ಅವರು ಹೇಳಿದರು. ನಾಸ್ತಿಕ ರಿಚರ್ಡ್ ಡಾಕಿನ್ಸ್ ಅದನ್ನು ತೊಟ್ಟು ಕುಳಿತು ವಿಶೇಷವೇನೂ ಆಗಲಿಲ್ಲ ಎಂದೆದ್ದರು. ಸ್ವೀಡನ್ನಿನ ಪೆರ್ ಗ್ರಾನ್‌ಕ್ವಿಸ್ಟ್ ತಂಡ, ಯಂತ್ರ ಚಾಲೂ ಇದೆಯೋ ಇಲ್ಲವೋ ಎಂಬುದು ತೊಟ್ಟವರಿಗೂ ತೊಡಿಸಿದವರಿಗೂ ಗೊತ್ತಿರದಂತೆ ಏರ್ಪಾಟು ಮಾಡಿತು. 2005ರ ಅವರ ವರದಿಯಂತೆ ಕಾಂತದಿಂದ ಏನೂ ಆಗಲಿಲ್ಲ, ಸೂಚನೆಗೆ ಬೇಗ ಒಲಿಯುವ ಸ್ವಭಾವದವರಿಗೆ ಮಾತ್ರ ಆಯಿತು. ನಮ್ಮ ಯಂತ್ರವನ್ನು ಸರಿಯಾಗಿ ನಡೆಸಿಲ್ಲ ಎಂದು ಪರ್ಸಿಂಜರ್ ಜಗಳ ತೆಗೆದರು. ಅದಕ್ಕೂ ಮುಂಚೆ, 1997ರಲ್ಲಿ ಜೇಮ್ಸ್ ಸ್ಪಾಟಿಸ್‌ವುಡ್ ಹಳೆಯ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ, ಸೂರ್ಯನ ಬದಲು ನಕ್ಷತ್ರಗಳನ್ನು ನೋಡಿ ಎಣಿಸುವ ಸ್ಥಳೀಯ ನಕ್ಷತ್ರಕಾಲ 13.5 ಗಂಟೆಯ ಆಸುಪಾಸಿನಲ್ಲಿ ಅಂಕ ಏರುತ್ತದೆಂದು ಪ್ರಕಟಿಸಿದರು. ಏಕೆ ಎಂಬುದಕ್ಕೆ ಅವರಲ್ಲೂ ಕಾರಣವಿರಲಿಲ್ಲ. ರಾಹುಕಾಲ ನೋಡಿ ಹೊರಡುವ ನಮ್ಮವರು ಇದಕ್ಕೆ ನಗುವ ಹಾಗಿಲ್ಲ.

ದೇಹ ಕಚ್ಚಾ ಸಾಮಗ್ರಿ ಕೊಡುತ್ತದೆ. ಅದಕ್ಕೆ ಮುಖ, ಉಡುಪು, ಭಾಷೆ ಕೊಡುವುದು ಊರು. ಸಾವಿನಂಚಿಗೆ ಹೋಗಿ ಬಂದವರ ಮಾತುಗಳಲ್ಲಿ ಇದು ನಿಚ್ಚಳ. ಅಮೆರಿಕದ ರೇಮಂಡ್ ಮೂಡಿ 1975ರಲ್ಲಿ ದಾಖಲಿಸಿದವರು ಸುರಂಗ, ಬೆಳಕು, ತೀರಿಕೊಂಡ ಬಂಧುಗಳನ್ನು ಕಂಡರು. ಮರಣಶಯ್ಯೆಯ ದರ್ಶನಗಳನ್ನು ಅಮೆರಿಕ ಮತ್ತು ಉತ್ತರ ಭಾರತಗಳಲ್ಲಿ ಹೋಲಿಸಿ ಕಾರ್ಲಿಸ್ ಓಸಿಸ್ ಮತ್ತು ಎರ್ಲೆಂಡುರ್ ಹರಾಲ್ಡ್‌ಸನ್ 1977ರಲ್ಲಿ ಬರೆದ ಪುಸ್ತಕದಲ್ಲಿ ಅಮೆರಿಕನ್ನರನ್ನು ಕರೆದೊಯ್ಯಲು ಹೆಚ್ಚಾಗಿ ತಾಯಿ, ಗಂಡ, ಹೆಂಡತಿಯರು ಬರುತ್ತಾರೆ, ಅವರು ಒಲವಿನಿಂದಲೇ ಹೊರಡುತ್ತಾರೆ. ಭಾರತೀಯರ ಬಳಿಗೆ ಹೆಚ್ಚಾಗಿ ಬರುವವರು ದೇವರು ಅಥವಾ ಯಮದೂತರು. ಬರುವುದಿಲ್ಲ ಎಂದು ಹಟ ಹಿಡಿದವರೂ ಇಲ್ಲಿ ಕಡಿಮೆಯಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ, ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ 1986ರಲ್ಲಿ ಸಾವಿನಂಚಿನಿಂದ ಮರಳಿದವರ 16 ಭಾರತೀಯ ಪ್ರಕರಣಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಪದೇ ಪದೇ ಬರುವ ಕಥೆ ಹೀಗೆ: ದೂತರು ಎಳೆದೊಯ್ಯುತ್ತಾರೆ, ಅಲ್ಲೊಬ್ಬ ಲೆಕ್ಕದ ಪುಸ್ತಕ ತೆರೆಯುತ್ತಾನೆ, ನಾವು ಕರೆತರಲು ಹೇಳಿದ್ದು ಇವನನ್ನಲ್ಲ, ಅದೇ ಹೆಸರಿನ ಇನ್ನೊಬ್ಬನನ್ನು ಎಂದು ಗದರುತ್ತಾನೆ, ವಾಪಸು ಕಳಿಸುತ್ತಾರೆ. ಸರ್ಕಾರಿ ಕಚೇರಿಗೆ ಅಲೆದವರ ಸ್ವರ್ಗವೂ ಹಾಗೇ ಇರಬೇಕಷ್ಟೆ. ಪಸ್ರಿಚಾ ಮುಂದೆ ಚನ್ನಪಟ್ಟಣದ ಸುತ್ತ ಇದೇ ಪ್ರಶ್ನೆ ಹಿಡಿದು ವ್ಯವಸ್ಥಿತ ಸಮೀಕ್ಷೆ ನಡೆಸಿ 1992ರಲ್ಲಿ ನಿಮ್ಹಾನ್ಸ್ ಜರ್ನಲ್‌ನಲ್ಲಿ ಬರೆದರು.

ಸ್ಟೀವನ್‌ಸನ್ ಸಂಗ್ರಹಿಸಿದ ಪುನರ್ಜನ್ಮದ ನೆನಪುಗಳೂ ಆಯಾ ನೆಲದ ಕಾನೂನು ಮೀರುವುದಿಲ್ಲ. ಲೆಬನಾನಿನ ದ್ರೂಜರಲ್ಲಿ ಸತ್ತ ಕ್ಷಣವೇ ಮರುಹುಟ್ಟು, ಗಂಡು ಗಂಡಾಗಿಯೇ. ಬರ್ಮಾದಲ್ಲಿ ಲಿಂಗ ಬದಲಾದ ಪ್ರಕರಣಗಳು ಧಾರಾಳ. ಅಲಾಸ್ಕಾದ ಟ್ಲಿಂಗಿಟರು ಹೆಚ್ಚಾಗಿ ತಾಯಿಯ ಕಡೆಯ ವಂಶದಲ್ಲೇ ಮರಳುತ್ತಾರೆ. ಅವರದು ತಾಯಿಯ ಕಡೆಯಿಂದ ಕುಲ ಎಣಿಸುವ ಸಮಾಜ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ತತ್ವಶಾಸ್ತ್ರದ ಪ್ರಾಧ್ಯಾಪಕ ಸಿ. ಟಿ. ಕೆ. ಚಾರಿ ಇವೆಲ್ಲ ಸಂಸ್ಕೃತಿ ಹೆತ್ತ ಕಥನಗಳು ಎಂದು ಸ್ಟೀವನ್‌ಸನ್ ಅವರ ಕಾಲದಲ್ಲೇ ಎಚ್ಚರಿಸಿದ್ದರು. ಚಾರಿ ಅತೀಂದ್ರಿಯದ ಶತ್ರುವಾಗಿರಲಿಲ್ಲ, ಅದರಲ್ಲಿ ಆಸಕ್ತಿಯುಳ್ಳವರೇ. ಆದ್ದರಿಂದ ಆ ಮಾತಿಗೆ ತೂಕ ಹೆಚ್ಚು.

ಸ್ಕಿಜೋಫ್ರೇನಿಯಾ ಕಾಯಿಲೆಯಲ್ಲಿ ಕೇಳುವ ದನಿಗಳಿಗೂ ಊರಿನ ನುಡಿಗಟ್ಟಿದೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ತಂಡ ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈಗಳಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿತು. ಅಮೆರಿಕನ್ನರ ದನಿಗಳು ಹೆಚ್ಚಾಗಿ ಹಿಂಸೆಯವು, ಅಪರಿಚಿತರವು. ಅಕ್ರಾದಲ್ಲಿ ಬಹಳ ಮಂದಿಗೆ ಕೇಳಿದ್ದು ದೇವರ ದನಿ. ಚೆನ್ನೈಯಲ್ಲಿ ಅನೇಕರಿಗೆ ಮನೆಯ ಹಿರಿಯರು ಮಾತಾಡುತ್ತಿದ್ದರು; ಸ್ನಾನ ಮಾಡು, ಮನೆಗೆಲಸ ಮಾಡು ಎಂದು ಬೈದು ಬುದ್ಧಿ ಹೇಳುತ್ತಿದ್ದರು.

ಸಂಸ್ಕೃತಿ ಇಂಥ ಅನುಭವಕ್ಕೆ ತಾಲೀಮು ಕೊಡುವುದನ್ನು ನೋಡಲು ತುಳುನಾಡಿಗಿಂತ ಒಳ್ಳೆಯ ಜಾಗವಿಲ್ಲ. ನಂದಳಿಕೆ, ಹಿರಿಯಡಕ, ಕಬತ್ತಾರುಗಳ ಸಿರಿ ಜಾತ್ರೆಯ ರಾತ್ರಿ ಹಿಂಗಾರದ ಎಸಳು ಹಿಡಿದು ಸಾಲಾಗಿ ನಿಂತ ಹೆಂಗಸರ ಮೈಯಲ್ಲಿ ಮೊದಲು ನಡುಕ, ಆಮೇಲೆ ತೂಗು, ಆಮೇಲೆ ಪಾಡು. ಸಿರಿಯ ಮಗ ಕುಮಾರನ ಪಾತ್ರಿ ಎದುರು ನಿಂತು ಕೇಳುತ್ತಾನೆ, ನೀನು ಯಾರು? ಸಿರಿಯೋ, ಸೊನ್ನೆಯೋ, ಗಿಂಡೆಯೋ, ಅಬ್ಬಗ ದಾರಗರಲ್ಲಿ ಒಬ್ಬಳೋ? ಉತ್ತರ ತುಳುವಿನಲ್ಲಿ, ಸಿರಿಪಾಡ್ದನದ ಧಾಟಿಯಲ್ಲೇ ಬರಬೇಕು. ಹೊಸಬಳಿಗೆ ಬರೀ ನಡುಕ, ಅಳು. ನುಡಿ ಕೂಡಿಬರಲು ವರ್ಷಗಳು ಬೇಕು, ಜತೆಗೆ ಹಳಬರ ಆಸರೆ. ಅಮೆರಿಕದ ಪೀಟರ್ ಕ್ಲಾಸ್ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. 1990ರಲ್ಲಿ ಮಾಚಾರಿನ ಗೋಪಾಲ ನಾಯ್ಕರು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ತಂಡಕ್ಕೆ ಹೇಳಿದ ಸಿರಿಕಾವ್ಯ 15,683 ಸಾಲುಗಳಷ್ಟಾಯಿತು. ನಾಯ್ಕರು ಸಿರಿ ಹೆಂಗಸರನ್ನು ನಡೆಸುವ ಕುಮಾರ ಪಾತ್ರಿಯೂ ಹೌದು. ಇಷ್ಟು ದೊಡ್ಡ ಕಾವ್ಯ ಬೆನ್ನಿಗಿರುವಲ್ಲಿ ನಡುಕ ಬರೀ ನಡುಕವಾಗಿ ಉಳಿಯುವುದಿಲ್ಲ. ಮನೆಯಲ್ಲಿ ಸೊಲ್ಲೆತ್ತದ ಹೆಣ್ಣು ಅಲ್ಲಿ ಮಾತಾಡುತ್ತಾಳೆ, ಗಂಡನ ಮನೆಯವರು ನಿಂತು ಕೇಳುತ್ತಾರೆ. ಆಕೆ ಭವಿಷ್ಯ ಬಲ್ಲಳೇ ಎಂಬ ಪ್ರಶ್ನೆ ಅಲ್ಲಿ ನೆರೆದವರಿಗೆ ಅಷ್ಟೇನೂ ಮುಖ್ಯವಲ್ಲ.

ಅನುಭವಕ್ಕೆ ಮುಖ ಕೊಡುವುದು ಊರು ಎಂಬ ಮಾತಿಗೊಂದು ಪರೀಕ್ಷೆ ಸಾಧ್ಯವಿದೆ, ಮತ್ತು ಅದಕ್ಕೆ ಕರ್ನಾಟಕಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಪಸ್ರಿಚಾ ಅವರ ಚನ್ನಪಟ್ಟಣದ ಸಮೀಕ್ಷೆಗೆ ಮೂವತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ಆ ಊರು ಬೆಂಗಳೂರಿಗೆ ಹತ್ತಿರವಾಗಿದೆ, ಸಾವಿನಂಚಿನಿಂದ ಮರಳುವವರು ಮನೆಯ ಜಗುಲಿಗಿಂತ ಐಸಿಯುಗಳಲ್ಲಿ ಹೆಚ್ಚಾಗಿ ಕಣ್ಣು ತೆರೆಯುತ್ತಿದ್ದಾರೆ, ಸುರಂಗ ಮತ್ತು ಬೆಳಕಿನ ಕಥೆ ಮೊಬೈಲಿನಲ್ಲಿ ಹಳ್ಳಿಗೂ ತಲುಪಿದೆ. ಅನುಭವವನ್ನು ರೂಪಿಸುವುದು ಸಂಸ್ಕೃತಿಯೇ ಆದರೆ ಯಮದೂತರು, ಲೆಕ್ಕದ ಪುಸ್ತಕ, ಹೆಸರಿನ ಗೊಂದಲ ಇವು ಈಗ ಕಡಿಮೆಯಾಗಿರಬೇಕು. ಆಗಿಲ್ಲವೆಂದರೆ ಈ ಉಪನ್ಯಾಸದ ಅರ್ಧವನ್ನು ತಿದ್ದಿ ಬರೆಯಬೇಕಾಗುತ್ತದೆ. ಮೈಸೂರಿನಲ್ಲೋ ಧಾರವಾಡದಲ್ಲೋ ಮನೋವಿಜ್ಞಾನ ಓದುತ್ತಿರುವ ಯಾರಾದರೂ ಒಂದು ಪ್ರಶ್ನಾವಳಿ, ಒಂದು ರೆಕಾರ್ಡರ್ ಹಿಡಿದು ಅದೇ ಚನ್ನಪಟ್ಟಣದ ಹಳ್ಳಿಗಳಿಗೆ ಮತ್ತೆ ಹೋಗಿಬರಲಿ. ಹೊರಡುವ ಮುನ್ನ ತಮ್ಮ ನಿರೀಕ್ಷೆ ಏನೆಂದು ಬರೆದು, ಲಕೋಟೆಗೆ ಹಾಕಿ, ನಂಬಿಕೆ ತಮ್ಮದಕ್ಕಿಂತ ಬೇರೆಯಾಗಿರುವ ಒಬ್ಬರ ಕೈಯಲ್ಲಿ ಕೊಟ್ಟು ಹೋಗಲಿ.